ತೂಕದ ಸುಳ್ಳು

೨೦೩೪ರ ಜುಲೈ ೧೦, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಹುಬ್ಬಳ್ಳಿಯ ಹೊರಗಿನ ಅನಿಲಮಾನ ಕಂಪನಿಯ ಸಭಾಂಗಣದಲ್ಲಿ ಮುನ್ನೂರು ಜನ ಕುಳಿತು ಒಬ್ಬನ ಮಾತು ಕೇಳುತ್ತಿದ್ದರು. ಮೇಲಿನ ಗಾಜಿನ ಕೋಣೆಯಲ್ಲಿ ಕುಳಿತ ನೀಲಾಂಬಿಕಾ ಹಂಚಿನಾಳ ಆ ಮುನ್ನೂರು ಜನರ ಉಸಿರನ್ನು ಅಳೆಯುತ್ತಿದ್ದಳು.

ಅನುಮಾನ ಬಂದಾಗ ಮನುಷ್ಯ ತನಗೇ ಗೊತ್ತಿಲ್ಲದೆ ಮೈ ಬಿಗಿಹಿಡಿಯುತ್ತಾನೆ. ಬಿಗಿದ ಸ್ನಾಯುಗಳಿಂದ ಐಸೋಪ್ರೀನ್ ಎಂಬ ಅನಿಲ ರಕ್ತಕ್ಕೆ ಸೇರಿ, ಸ್ವಲ್ಪ ಹೊತ್ತಿನಲ್ಲೇ ಉಸಿರಿನ ಜೊತೆ ಹೊರಬೀಳುತ್ತದೆ. ಅದರ ಪ್ರಮಾಣ ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು. ಅಷ್ಟನ್ನು ಹಿಡಿಯಲು ಸಭಾಂಗಣದ ಗಾಳಿಯನ್ನು ಸಣ್ಣ ಕೊಳವೆಗಳಲ್ಲಿ ಎಳೆದು, ದ್ರವ ಸಾರಜನಕದಿಂದ ತಣಿಸಿದ ಬಲೆಗಳ ಮೂಲಕ ಹಾಯಿಸುತ್ತಿದ್ದರು. ಐಸೋಪ್ರೀನ್ ಅಲ್ಲಿ ಹೆಪ್ಪುಗಟ್ಟಿ ಉಳಿಯುತ್ತಿತ್ತು. ಸಿಕ್ಕ ಪ್ರಮಾಣವನ್ನು ಅಂಕಗಳಾಗಿಸಿ ನೂರರಿಂದ ಕಳೆದರೆ ಸಿಗುವುದು ವಿಶ್ವಾಸಾಂಕ. ನಾಯಕರ ಮಾತನ್ನು ನೌಕರರು ಎಷ್ಟು ನಂಬಿದರು ಎಂಬುದರ ಲೆಕ್ಕ ಅದು. ಕಂಪನಿ ಈ ಯಂತ್ರಕ್ಕೆ 'ವಿಶ್ವಾಸಮಾಪಕ' ಎಂದು ಹೆಸರಿಟ್ಟಿತ್ತು. ನೌಕರರು ಅದನ್ನು 'ಮೂಗು' ಎನ್ನುತ್ತಿದ್ದರು.

ತಕ್ಕಡಿಯನ್ನು ಪರೀಕ್ಷಿಸಲು ಗೊತ್ತಿರುವ ತೂಕದ ಕಲ್ಲು ಬೇಕು. ಹಾಗೆಯೇ ಮೂಗನ್ನು ಪರೀಕ್ಷಿಸಲು ಗೊತ್ತಿರುವ ಸುಳ್ಳು ಬೇಕು. ಈ ಯೋಚನೆ ನೀಲಾಂಬಿಕಾಳದ್ದೇ. ಪ್ರತಿ ವಿಭಾಗವೂ ವಾರದ ಪ್ರಕಟಣೆಯನ್ನು ನಿಜ, ಸುಳ್ಳು ಎಂದು ಎರಡು ರೂಪದಲ್ಲಿ ಯಂತ್ರಕ್ಕೆ ಕೊಡಬೇಕು. ಯಂತ್ರ ಯಾರಿಗೂ ಹೇಳದೆ ಒಂದೇ ಒಂದು ಸುಳ್ಳನ್ನು ಆರಿಸಿ ನಿಜಗಳ ನಡುವೆ ಸೇರಿಸುತ್ತದೆ. ಓದುವವನ ದನಿ ಗುಟ್ಟು ಬಿಟ್ಟುಕೊಡಬಾರದಲ್ಲ, ಅದಕ್ಕೆ ಅವನಿಗೂ ಅದು ತಿಳಿದಿರುವುದಿಲ್ಲ. ಶುಕ್ರವಾರ ಸಂಜೆ ಆ ವಾರದ ಸುಳ್ಳು ಯಾವುದೆಂದು ಗೋಡೆಯ ಪರದೆಯಲ್ಲಿ ಮೂಡುತ್ತದೆ. ಕಂಪನಿಯಲ್ಲಿ ನಲವತ್ತೇ ಜನರಿದ್ದಾಗ ಇದು ಆಟವಾಗಿತ್ತು. ಯಾವುದು ಸುಳ್ಳೆಂದು ಚಹಾದ ಮೇಲೆ ಪಂಥ ಕಟ್ಟುತ್ತಿದ್ದರು. ಎರಡು ವರ್ಷಗಳಲ್ಲಿ ನಲವತ್ತು ಆರುನೂರಾಯಿತು. ಈಗ ಯಾರೂ ಪಂಥ ಕಟ್ಟುತ್ತಿರಲಿಲ್ಲ. 'ತೂಕದ ಸುಳ್ಳು' ಎಂಬ ಹೆಸರು ಮಾತ್ರ ಉಳಿದಿತ್ತು.

ಕೆಳಗೆ ವೇದಿಕೆಯ ಮೇಲೆ ಸ್ಥಾಪಕ ಸುಮಂತ ಇನಾಮದಾರ ಓದುತ್ತಿದ್ದ. ಈ ವಾರ ಇದ್ದದ್ದು ಎರಡೇ ಪ್ರಕಟಣೆ. ಗುರುವಾರ ರಿಪೇರಿಗಾಗಿ ಕ್ಯಾಂಟೀನ್ ಮುಚ್ಚಿರುತ್ತದೆ. ಜೋಡಣೆ ವಿಭಾಗದ ಅರವತ್ತು ಮಂದಿ ಗುತ್ತಿಗೆ ನೌಕರರನ್ನು ಆಗಸ್ಟ್ ಒಂದರಿಂದ ಕಾಯಂ ಮಾಡಲಾಗುತ್ತದೆ.

ಎರಡನೆಯ ಮಾತಿಗೆ ನೀಲಾಂಬಿಕಾಳ ಪರದೆಯಲ್ಲಿ ಮುಂದಿನ ಸಾಲುಗಳ ಐಸೋಪ್ರೀನ್ ಗೆರೆ ಸರ್ರನೆ ಮೇಲೇರಿತು. ವಿಶ್ವಾಸಾಂಕ ಅರವತ್ತೆರಡಕ್ಕೆ ಕುಸಿಯಿತು. ನೀಲಾಂಬಿಕಾ ಗಾಜಿನಾಚೆ ನೋಡಿದಳು. ಮುಂದಿನ ಸಾಲಿನಲ್ಲಿ, ಆ ಅರವತ್ತರಲ್ಲಿ ಒಬ್ಬಳಾದ ಅವಳ ತಂಗಿ ದಾನೇಶ್ವರಿ ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದು ಕುಳಿತಿದ್ದಳು. ಅದು ಅನುಮಾನವಲ್ಲ, ಆಸೆ. ಆಸೆಯೂ ಮೈಯನ್ನು ಬಿಗಿಸುತ್ತದೆ. ಮೂಗಿಗೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಸಂಜೆ ವಿದ್ಯಾನಗರದ ಬಾಡಿಗೆ ಮನೆಯಲ್ಲಿ ದಾನೇಶ್ವರಿ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಳು.

"ಭಾಳ ಖುಷಿ ಆಗಬ್ಯಾಡ," ಎಂದಳು ನೀಲಾಂಬಿಕಾ. "ಅದ ತೂಕದ ಸುಳ್ಳು ಇದ್ದರ?"

"ಎರಡರಾಗ ಒಂದು ಇರಬೇಕಲ್ಲ. ಗುರುವಾರ ಕ್ಯಾಂಟೀನ್ ತೆರೆದಿದ್ರ ಅದ ಸುಳ್ಳು, ನಮ್ದು ಖರೆ. ನಿಮ್ಮ ಯಂತ್ರದ ಗಣಿತ ನಮಗೂ ತಿಳೀತೈತಿ." ದಾನೇಶ್ವರಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಕೆಲಸ ಕೊಡ್ತೀವಿ ಅಂದ ಬೆಳಗಾವಿ ಕಂಪನಿಯವರು ಗುರುವಾರ ಸಂಜಿಯೊಳಗ ಉತ್ತರ ಕೇಳ್ಯಾರ. ಗುರುವಾರ ಮಧ್ಯಾಹ್ನ ಕ್ಯಾಂಟೀನಿನಾಗ ಊಟ ಮಾಡಿ ಕೈ ತೊಳಕೊಂಡು ಆಮ್ಯಾಲ ಫೋನ್ ಮಾಡ್ತೀನಿ. ಊಟ ಸಿಕ್ಕರ 'ಬರೂದಿಲ್ರಿ' ಅಂತೀನಿ."

"ಶುಕ್ರವಾರತನ ತಡಿ."

"ಅವರು ತಡೀಬೇಕಲ್ಲ?"

ಗುರುವಾರ ಕ್ಯಾಂಟೀನ್ ತೆರೆದಿತ್ತು. ಅಂದು ಬದನೆಕಾಯಿ ಎಣಗಾಯಿ ಮಾಡಿದ್ದರು. ದಾನೇಶ್ವರಿ ಉಂಡು, ಕೈ ತೊಳೆದು, ಬೆಳಗಾವಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು.

ಶುಕ್ರವಾರ ಸಂಜೆ ಗೋಡೆಯ ಪರದೆಯಲ್ಲಿ ಮೂಡಿದ್ದು ಇಷ್ಟೇ: 'ಈ ವಾರದ ತೂಕದ ಸುಳ್ಳು: ಗುತ್ತಿಗೆ ನೌಕರರ ಕಾಯಮಾತಿ. ನಿಮ್ಮ ಸಹಕಾರಕ್ಕೆ ಧನ್ಯವಾದ.'

ಯಂತ್ರ ಆರಿಸಿದ್ದು ಕ್ಯಾಂಟೀನಿನ ಸುಳ್ಳನ್ನು. ಯಂತ್ರದ ಒಳಗನ್ನು, ಅದೂ ಶುಕ್ರವಾರ ಸುಳ್ಳು ಪ್ರಕಟವಾದ ಮೇಲೆ, ನೋಡಬಲ್ಲವಳು ನೀಲಾಂಬಿಕಾ ಒಬ್ಬಳೇ. ಅವಳು ನೇರ ಇನಾಮದಾರನ ಕೋಣೆಗೆ ಹೋದಳು.

"ಪರದೆ ಮ್ಯಾಲಿಂದು ತಪ್ಪೈತ್ರಿ ಸರ್. ಅರವತ್ತು ಮಂದಿ ಕಾಯಂ ಅನ್ನೂದು ನಿಜದ ಪ್ರಕಟಣೆ ಇತ್ತು."

ಇನಾಮದಾರ ತಲೆ ಎತ್ತಲಿಲ್ಲ. "ಇತ್ತು. ಈಗ ಇಲ್ಲ. ಸೋಮವಾರ ಹಣ ಹಾಕವರು ನೋಡಲಿಕ್ಕೆ ಬರ್ತಾರ. ಅರವತ್ತು ಪಗಾರ ಹೆಚ್ಚಾದ್ರ ಅವರ ಮಾರಿ ಸಣ್ಣದಾಗ್ತದ."

"ಹಂಗಿದ್ರ ಮಾತು ಹಿಂದಕ್ಕ ತೊಗೊಂಡೀವಿ ಅಂತ ಹೇಳ್ರಿ. ತೂಕದ ಸುಳ್ಳು ಅನಬ್ಯಾಡ್ರಿ."

"ಯಾಕ ಅನಬಾರದು? ಕೊಟ್ಟ ಮಾತು ಮುರದ್ರ ಜನ ಬೈತಾರ. ಪರೀಕ್ಷಾ ಅಂದ್ರ ಸುಮ್ಮನಿರ್ತಾರ. ಇಂಥಾ ಪದ್ಧತಿ ಮಾಡಿಕೊಟ್ಟವರು ನೀವ ಅಲ್ಲೇನ್ರಿ ಮೇಡಂ? ನಿಮಗ ನಾ ಋಣಿ." ಈಗ ಅವನು ತಲೆ ಎತ್ತಿದ. "ನಿಮ್ಮ ತಂಗೀದೂ ಕಾಂಟ್ರ್ಯಾಕ್ಟ್ ಅಲ್ಲ? ಈ ತಿಂಗಳ ಮುಗೀತದ. ಮುಂದುವರಸೋದು, ಬಿಡೋದು ನನ್ನ ಕೈಯಾಗದ. ಮನಿ ಮಂದೀನ ಸುಮ್ಮನ ಯಾಕ ಇದರಾಗ ತರೋದು?"

ತಂದವನು ಅವನೇ. ನೀಲಾಂಬಿಕಾ ಹೊರಬಂದಳು.

ಅಂದು ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ದಾನೇಶ್ವರಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು.

"ವಾರಕ್ಕ ಒಂದ ಸುಳ್ಳು ಅಂದಿದ್ದಿ ಅಕ್ಕಾ. ಈ ವಾರ ಎರಡಾದವು. ಕ್ಯಾಂಟೀನ್ ಮುಚ್ಚಲಿಲ್ಲ, ನಾವು ಕಾಯಂ ಆಗಲಿಲ್ಲ. ಇದು ಯಾವ ಗಣಿತ?"

"ಕ್ಯಾಂಟೀನ್ ರಿಪೇರಿ ಮುಂದಕ್ಕ ಹೋತಂತ," ಎಂದಳು ನೀಲಾಂಬಿಕಾ. ಹೇಳುವಾಗ ತನ್ನ ಭುಜ ಬಿಗಿದದ್ದು ಅವಳಿಗೇ ತಿಳಿಯಿತು.

"ನಾ ಕ್ಯಾಂಟೀನಿನವರನ್ನ ಕೇಳಿ ಬಂದೀನಿ. ಅಲ್ಲಿ ರಿಪೇರಿ ಮಾಡೂವಂಥಾದ್ದು ಏನೂ ಇರಲಿಲ್ಲ."

ನೀಲಾಂಬಿಕಾ ಒಲೆ ಹೊತ್ತಿಸಲು ಬಾಗಿದಳು.

"ಯಂತ್ರ ಆರಿಸಿದ್ದು ಯಾವುದು? ಒಂದ ಮಾತಿನಾಗ ಹೇಳು."

ಹೇಳಿದರೆ ನಾಳೆಯೇ ಅರವತ್ತು ಜನರ ಬಾಯಿಗೆ ಹೋಗುತ್ತದೆ, ನಾಡಿದ್ದು ತಂಗಿಯ ಕೆಲಸ ಹೋಗುತ್ತದೆ. ನೀಲಾಂಬಿಕಾ ಲೆಕ್ಕ ಹಾಕಿದಳು. "ಕಾಯಮಾತೀದು," ಎಂದಳು.

ದಾನೇಶ್ವರಿ ಕಟ್ಟೆ ಬಿಟ್ಟು ಎದುರಿಗೆ ಬಂದಳು. "ಅವಾ ಸುಳ್ಳು ಹೇಳಿದ್ದಕ್ಕ ನನಗ ಏನೂ ಅನಸಲಿಲ್ಲ. ಅವನ್ನ ನಾ ನಂಬಿದ್ದಿಲ್ಲ, ನಿನ್ನ ಯಂತ್ರಾನ ನಂಬಿದ್ದೆ. ಇನ್ನ ಮ್ಯಾಲ ನೀ ಸಾರಿಗೆ ಉಪ್ಪು ಹಾಕೀನಿ ಅಂದ್ರೂ ನಾ ನೆಕ್ಕಿ ನೋಡಿನ ಉಣ್ಣಾಕಿ."

ಎರಡು ದಿನ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು.

ಮುಂದಿನ ಸೋಮವಾರ ಹಣ ಹೂಡುವವರು ಬಂದರು. ಮೂಗಿನ ಗೆರೆಗಳು ಅವರಿಗೆ ಎದ್ದು ಕಾಣಬೇಕೆಂದು ಇನಾಮದಾರ ಹೊರಗಿನ ಗಾಳಿಯ ಬಾಗಿಲುಗಳನ್ನು ಮುಚ್ಚಿಸಿದ್ದ. ಹೊರಗಾಳಿ ಬೆರೆತರೆ ಅಳತೆ ತೆಳುವಾಗುತ್ತದೆ. ಯಾವ ವಿಭಾಗ ಎಷ್ಟು ನಂಬುತ್ತದೆ ಎಂದು ಬೇರೆ ಬೇರೆ ತೋರಿಸಲು ಶನಿವಾರ, ಭಾನುವಾರ ಎರಡೇ ದಿನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ವೇದಿಕೆಯತ್ತ ಇಳಿಯುವ ಆಸನ ಸಾಲುಗಳ ಕೆಳಗೆ ಹೊಸ ಬಲೆಗಳನ್ನು ಕೂರಿಸಲಾಗಿತ್ತು. ಬಲೆಗಳನ್ನು ತಣಿಸಿ ಆವಿಯಾದ ಸಾರಜನಕ ದಪ್ಪ ಕೊಳವೆಯಲ್ಲಿ ಮಾಳಿಗೆಗೆ ಹೋಗಬೇಕು. ಆ ಕೊಳವೆ ಸೋರುತ್ತದೆಯೇ ಎಂದು ಒಂದು ವಾರ ಒತ್ತಡದಲ್ಲಿಟ್ಟು ನೋಡೋಣ ಎಂದು ನೀಲಾಂಬಿಕಾ ಕೇಳಿಕೊಂಡಿದ್ದಳು. ವಾರ ಎಲ್ಲಿಂದ ತರುವುದು ಎಂದಿದ್ದ ಇನಾಮದಾರ.

ಇನಾಮದಾರ ಮಾತು ಆರಂಭಿಸಿದ. ಪರದೆಯ ಗೆರೆಗಳೆಲ್ಲ ಮಟ್ಟಸ. ವಿಶ್ವಾಸಾಂಕ ತೊಂಬತ್ತೊಂದು. ಹಿಂದೆಂದೂ ಇಷ್ಟು ಬಂದಿರಲಿಲ್ಲ. ಹೂಡಿಕೆದಾರರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಇನಾಮದಾರ ಮುಂದಿನ ವರ್ಷದ ಬೋನಸ್ ಎಂದ, ಹೊಸ ವಸತಿಗೃಹ ಎಂದ, ಆರುನೂರು ಮಂದಿ ಸಾವಿರವಾಗುವುದು ಎಂದ. ಗೆರೆ ಅಲುಗಲಿಲ್ಲ.

ನೀಲಾಂಬಿಕಾಳಿಗೆ ತನ್ನ ತಪ್ಪು ಆಗ ಕಂಡಿತು. ಅನುಮಾನಪಡುವವನಲ್ಲಿ ಇನ್ನೂ ನಂಬಿಕೆಯ ಒಂದು ಎಳೆ ಉಳಿದಿರುತ್ತದೆ. ನಿಜವೋ ಸುಳ್ಳೋ ಎಂದು ತೂಗುವವನ ಮೈ ಬಿಗಿಯುತ್ತದೆ. ತೂಗುವುದನ್ನೇ ಬಿಟ್ಟವನ ಮೈ ಸಡಿಲ. ಅವಳ ಯಂತ್ರ ಪೂರ್ಣ ವಿಶ್ವಾಸಕ್ಕೂ ಪೂರ್ಣ ಅವಿಶ್ವಾಸಕ್ಕೂ ಒಂದೇ ಅಂಕ ಕೊಡುತ್ತಿತ್ತು. ಐದು ವರ್ಷ ಅವಳು ಸುಳ್ಳನ್ನು ಅಳೆದಿದ್ದಳು. ಸುಳ್ಳು ಕೇಳಿ ಕೇಳಿ ಮನುಷ್ಯ ಏನಾಗುತ್ತಾನೆ ಎಂಬುದನ್ನು ಅಳೆದಿರಲಿಲ್ಲ.

ಅದೇ ಹೊತ್ತಿಗೆ ಸಭಾಂಗಣದ ಸೈರನ್ ಕೂಗತೊಡಗಿತು.

ಪಕ್ಕದ ಪರದೆಯಲ್ಲಿ ಮುಂದಿನ ಸಾಲುಗಳ ಆಮ್ಲಜನಕ ಇಳಿಯುತ್ತಿತ್ತು. ಗಾಳಿಯಲ್ಲಿ ಇರಬೇಕಾದದ್ದು ಶೇಕಡಾ ಇಪ್ಪತ್ತೊಂದರ ಹತ್ತಿರ. ಅದು ಹದಿನೆಂಟಕ್ಕೆ ಬಂದಿತ್ತು. ಮೆಟ್ಟಿಲುಗಳ ಕೆಳಗೆ ಎಲ್ಲೋ ಕೊಳವೆಯ ಬೆಸುಗೆ ಬಿಟ್ಟಿದೆ, ತಣ್ಣಗಿದ್ದು ಗಾಳಿಗಿಂತ ಭಾರವಾದ ಸಾರಜನಕ ಮಾಳಿಗೆಗೆ ಹೋಗದೆ ಸಭಾಂಗಣದ ತಗ್ಗಿಗೆ ತುಂಬುತ್ತಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ದೇಹ ಒದ್ದಾಡುತ್ತದೆ. ಆಮ್ಲಜನಕ ಕಡಿಮೆಯಾದರೆ ಸುಮ್ಮನೆ ಮಂಕಾಗಿ, ನಿದ್ದೆ ಬಂದಂತೆ ಬೀಳುತ್ತದೆ.

"ಬಸವಂತ, ಟ್ಯಾಂಕಿನ ವಾಲ್ವ್ ಬಂದ್ ಮಾಡು. ಹೊರಗಿನ ಗಾಳಿ ಪೂರ್ತಿ ತೆರಿ," ಎಂದಳು ತಂತ್ರಜ್ಞನಿಗೆ. ಅವನು ಓಡಿದ. ಆದರೆ ಅಷ್ಟು ದೊಡ್ಡ ಸಭಾಂಗಣದ ಗಾಳಿ ಬದಲಾಗಲು ಇಪ್ಪತ್ತು ನಿಮಿಷವಾದರೂ ಬೇಕು. ತಗ್ಗಿನಲ್ಲಿ ಕುಳಿತವರಿಗೆ ಅಷ್ಟು ಹೊತ್ತಿರಲಿಲ್ಲ.

ಕೆಳಗೆ ಒಬ್ಬನೂ ಎದ್ದಿರಲಿಲ್ಲ. ಸೈರನ್ ಹಿಂದೆ ಎರಡು ಸಲ ತೂಕದ ಸುಳ್ಳಾಗಿ ಕೂಗಿತ್ತು. ಇನಾಮದಾರ ಎತ್ತರದ ವೇದಿಕೆಯಿಂದ ಹೂಡಿಕೆದಾರರ ಕಡೆ ನೋಡಿ ನಕ್ಕ. "ಕೂಡ್ರಿ, ಕೂಡ್ರಿ. ಈ ವಾರದ ಸುಳ್ಳು ಸ್ವಲ್ಪ ಜೋರದ. ನೋಡ್ರಿ, ನಮ್ಮ ಮಂದಿ ಹೆಂಗ ಶಾಂತ ಕೂತಾರ."

ನೀಲಾಂಬಿಕಾ ಮೈಕ್ ಎತ್ತಿಕೊಂಡಳು. "ಇದು ತೂಕದ ಸುಳ್ಳಲ್ಲ. ಸಾರಜನಕ ಸೋರಾಕತ್ತೈತಿ. ಎಲ್ಲರೂ ಹೊರಗ ನಡೀರಿ. ಇದು ಖರೇ."

ಅವಳ ದನಿ ಸಭಾಂಗಣದ ತುಂಬ ಹರಡಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಖರೇ ಅಂದ್ರ ಖರೇ ಸುಳ್ಳೇನ್ರಿ ಮೇಡಂ?" ನಗೆ ಎದ್ದಿತು. ಮುಂದಿನ ಸಾಲುಗಳಲ್ಲಿ ಆ ನಗೆ ನಿಲ್ಲಲೇ ಇಲ್ಲ, ಕುಡಿದವರ ನಗೆಯಂತೆ. ಆಮ್ಲಜನಕ ಕಡಿಮೆಯಾದ ಮಿದುಳಿನ ನಗೆ ಅದು ಎಂದು ನೀಲಾಂಬಿಕಾಳಿಗೆ ಗೊತ್ತಿತ್ತು. ವಿಶ್ವಾಸಾಂಕ ತೊಂಬತ್ತೇಳಕ್ಕೆ ಏರಿತು.

ಅವಳು ಮೈಕ್ ಬಿಸಾಡಿ, ಸೊಂಟದ ಪಟ್ಟಿಗೆ ಆಮ್ಲಜನಕ ಮೀಟರ್ ಸಿಕ್ಕಿಸಿಕೊಂಡು ಕೆಳಗೆ ಓಡಿದಳು. ದಾರಿಯಲ್ಲಿ ಸಿಕ್ಕ ಬಾಗಿಲುಗಳನ್ನೆಲ್ಲ ದೂಡಿ ತೆರೆದಳು. ಮುಂದಿನ ಸಾಲಿಗೆ ಇಳಿಯುತ್ತಿದ್ದಂತೆ ಮೀಟರ್ ಕಿರುಚತೊಡಗಿತು.

"ದಾನಿ, ಏಳು."

ದಾನೇಶ್ವರಿ ಕುರ್ಚಿಯಲ್ಲಿ ಕೆಳಜಾರಿ ಕುಳಿತಿದ್ದಳು. ತುಟಿ ನೀಲಿಗಟ್ಟಿತ್ತು. "ಯಾಕ?"

"ಇಲ್ಲಿ ಆಕ್ಸಿಜನ್ ಇಲ್ಲ."

"ಇಲ್ಲಂದ್ರ ನಾ ಮಾತಾಡಾಕತ್ತೀನಲ್ಲ?" ಮಾತು ತೊದಲುತ್ತಿತ್ತು. ಅವಳು ಮೀಟರಿನ ಕಡೆ ಬೆರಳು ಮಾಡಿದಳು. "ಇದಕ್ಕೂ ಸುಳ್ಳು ಹೇಳಾಕ ಕಲಿಸೀರೇನು?"

ನೀಲಾಂಬಿಕಾ ತೋಳು ಹಿಡಿದು ಎಳೆದಳು. ದಾನೇಶ್ವರಿ ಕೈ ಕೊಡವಿದಳು. "ಮುಟ್ಟಬ್ಯಾಡ. ಎಲ್ಲಾರ ಮುಂದ ನನ್ನ ಎಬ್ಬಿಸಿ ಓಡಿಸಿ, ಶುಕ್ರವಾರ ಪರದೆ ಮ್ಯಾಲ ಧನ್ಯವಾದ ಹಾಕ್ತೀರಿ. ನಿನ್ನ ಮಾತಿನ ಮ್ಯಾಲ ನಾ ಏಳೂದಿಲ್ಲ."

ಒಬ್ಬಳನ್ನು ಎಳೆದುಕೊಂಡು ಹೋಗಬಹುದಿತ್ತು. ಉಳಿದವರನ್ನು? ನೀಲಾಂಬಿಕಾಳಿಗೂ ತಲೆ ಹಗುರಾಗತೊಡಗಿತ್ತು. ತಂಗಿಯ ಪಕ್ಕದಲ್ಲಿ ಕಣ್ಣು ಅರೆಮುಚ್ಚಿ ಕುಳಿತಿದ್ದ ಜೋಡಣೆ ವಿಭಾಗದ ವೀರೇಶನ ಅಂಗಿಯ ಜೇಬಿನಲ್ಲಿ ಬೀಡಿಕಟ್ಟು, ಬೆಂಕಿಪೊಟ್ಟಣ ಕಂಡವು. ಅವಳು ಪೊಟ್ಟಣವನ್ನು ಕಿತ್ತುಕೊಂಡು ಕಡ್ಡಿ ಗೀರಿದಳು.

ಕಡ್ಡಿಯ ತಲೆ ಭಗ್ಗನೆ ಹೊತ್ತಿ ಹಾಗೇ ಆರಿತು. ತಲೆಯ ಮದ್ದು ಹೊತ್ತಲು ಬೇಕಾದ ಆಮ್ಲಜನಕ ಮದ್ದಿನಲ್ಲೇ ಇರುತ್ತದೆ. ಕಟ್ಟಿಗೆ ಹೊತ್ತಲು ಗಾಳಿಯಲ್ಲಿರಬೇಕು.

"ಗಾಳಿ ಬೀಸಿತೇನ," ಎಂದಳು ದಾನೇಶ್ವರಿ.

"ನೀನ ಗೀರು." ನೀಲಾಂಬಿಕಾ ಪೊಟ್ಟಣವನ್ನು ಅವಳ ಅಂಗೈಗೆ ಒತ್ತಿದಳು. "ನನ್ನ ನಂಬಬ್ಯಾಡ. ಗೀರು."

ದಾನೇಶ್ವರಿಯ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಒಂದು ಕಡ್ಡಿ ಮುರಿಯಿತು. ಇನ್ನೊಂದು ಭಗ್ಗೆಂದು ಆರಿತು. ಅವಳು ಕೈಯನ್ನು ಗೂಡಿನಂತೆ ಮಾಡಿ ಮೂರನೆಯದನ್ನು ಗೀರಿದಳು. ಅದೂ ಆರಿ, ತಲೆ ಕಪ್ಪಾದ ಕಡ್ಡಿ ಬೆರಳ ನಡುವೆ ಉಳಿಯಿತು. ಅವಳು ಅದನ್ನು ನೋಡಿದಳು. ಅವಳ ಮುಖದಿಂದ ನಗೆ ಇಳಿದುಹೋಯಿತು.

"ಏಳ್ರಲೇ," ಎಂದಳು. ದನಿ ಹೊರಡಲಿಲ್ಲ. ಕುರ್ಚಿ ಹಿಡಿದು ನಿಂತು ಇನ್ನೊಮ್ಮೆ ಕೂಗಿದಳು: "ಏಳ್ರಲೇ, ಕಡ್ಡಿ ಹತ್ತವಲ್ದು. ಇದು ಅವರ ಮಾತಲ್ಲ, ನಾ ಹೇಳಾಕತ್ತೀನಿ. ವೀರೇಶನ್ನ ಎತ್ತಿಕೋರಿ."

ಜನ ಎದ್ದರು. ಕೆಲವರು ಎದ್ದಲ್ಲೇ ಕುಸಿದರು. ಅವರನ್ನು ಪಕ್ಕದವರು ಎಳೆದರು. ಮುಂದಿನ ಸಾಲು ಓಡಿದ್ದನ್ನು ನೋಡಿ ಹಿಂದಿನವರು ಓಡಿದರು. ವೇದಿಕೆಯ ಮೇಲಿದ್ದವರು ಹಿಂಬಾಗಿಲಿನಿಂದ ಆಗಲೇ ಹೋಗಿದ್ದರು.

ಅಂಗಳದ ಬಿಸಿಲಿನಲ್ಲಿ ಕೆಲವರು ವಾಂತಿ ಮಾಡುತ್ತಿದ್ದರು. ವೀರೇಶನನ್ನೂ ಇನ್ನೊಬ್ಬ ಹೆಣ್ಣುಮಗಳನ್ನೂ ಆಂಬುಲೆನ್ಸಿನಲ್ಲಿ ಮಲಗಿಸಿದ್ದರು. ಇಬ್ಬರಿಗೂ ಉಸಿರಿತ್ತು, ಎಚ್ಚರವಿರಲಿಲ್ಲ. ಜೊತೆ ಬಂದ ವೈದ್ಯೆ ಏನಾಯಿತೆಂದು ಕೇಳುತ್ತಿದ್ದಳು. ಯಾರೂ ಉತ್ತರಿಸುವ ಮೊದಲೇ ಇನಾಮದಾರ ಕೈಮೈಕ್ ಹಿಡಿದು ಮೆಟ್ಟಿಲ ಮೇಲೆ ನಿಂತ. ಹೂಡಿಕೆದಾರರು ಅವನ ಹಿಂದೆಯೇ ಇದ್ದರು.

"ಯಾರೂ ಗಾಬರಿ ಆಗಬ್ಯಾಡ್ರಿ. ಇದು ಸುರಕ್ಷತಾ ಪರೀಕ್ಷಾ ಇತ್ತು. ಆಮ್ಲಜನಕ ಹತ್ತೊಂಬತ್ತರ ಕೆಳಗ ಇಳಿದೇ ಇಲ್ಲ. ಸೆಕಿಗೆ ಒಂದಿಬ್ಬರಿಗೆ ಚಕ್ಕರ್ ಬಂದದ, ಅಷ್ಟ."

ಗುಂಪಿನಲ್ಲಿ ಒಬ್ಬ ಉಗುಳಿದ. ಇನಾಮದಾರ ಮೆಟ್ಟಿಲಿಳಿದು ನೀಲಾಂಬಿಕಾಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಕೋಣೆಯಾಗಿನ ಯಂತ್ರದ ಅಂಕಿ ನಾ ನೋಡ್ಕೋತೀನಿ. ನಿಮ್ಮ ಸೊಂಟದಾಗಿಂದು ಈಗ ಅಳಸ್ರಿ. ಹತ್ತೊಂಬತ್ತು ಅನ್ರಿ. ಅರವತ್ತು ಮಂದಿ ಕಾಯಂ ಆಗ್ತಾರ, ಇವತ್ತ ಬರದು ಕೊಡ್ತೀನಿ."

ಮೀಟರಿನ ಪಕ್ಕದಲ್ಲಿ ಒಂದು ಗುಂಡಿಯಿತ್ತು. ಒಮ್ಮೆ ಒತ್ತಿದರೆ ಆ ದಿನ ಕಂಡ ಅತಿ ಕಡಿಮೆ ಅಳತೆ ಮೂಡುತ್ತದೆ. ಒತ್ತಿ ಹಿಡಿದರೆ ಅಳಿಸಿಹೋಗುತ್ತದೆ. ನೀಲಾಂಬಿಕಾಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವನು ಬರೆದು ಕೊಡುತ್ತಾನೆ, ಶುಕ್ರವಾರ ಅದು ಪರದೆಯ ಮೇಲೆ ಸುಳ್ಳೆಂದು ಮೂಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗುಂಡಿ ಒತ್ತದಿದ್ದರೆ ತಂಗಿಗೂ ತನಗೂ ನಾಳೆಯಿಂದ ಕೆಲಸವಿಲ್ಲ ಎಂಬುದೂ ಗೊತ್ತಿತ್ತು.

"ಮೇಡಂ."

ದಾನೇಶ್ವರಿ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಕರೆದಿದ್ದಳು. ಅವಳು ಅಕ್ಕನನ್ನು ಹಾಗೆ ಕರೆದದ್ದು ಅದೇ ಮೊದಲು. ಸುತ್ತ ಜೋಡಣೆ ವಿಭಾಗದ ಜನ ನಿಂತಿದ್ದರು.

"ಡಾಕ್ಟರು ಕೇಳಾಕತ್ತಾರ, ವೀರೇಶ ಎಂಥಾ ಗಾಳಿಯೊಳಗ ಇದ್ದಾ ಅಂತ. ಎಷ್ಟಿತ್ರಿ ಮೇಡಂ, ನಾವು ಕೂತಲ್ಲಿ?"

ನೀಲಾಂಬಿಕಾ ಬಾಯಿ ತೆರೆದಳು.

"ಬಾಯಿಲೆ ಬ್ಯಾಡ," ಎಂದು ದಾನೇಶ್ವರಿ ಕೈ ಚಾಚಿದಳು. "ಇತ್ತ ಕೊಡ್ರಿ."

"ಮೇಡಂ, ಯೋಚನಿ ಮಾಡ್ರಿ," ಎಂದ ಇನಾಮದಾರ.

ನೀಲಾಂಬಿಕಾ ಮೀಟರನ್ನು ಪಟ್ಟಿಯಿಂದ ಬಿಚ್ಚಿದಳು. ಗುಂಡಿಯನ್ನು ಒಮ್ಮೆ ಒತ್ತಿ ಬೆರಳು ತೆಗೆದಳು. ಮೀಟರನ್ನು ತಂಗಿಯ ಕೈಗಿಟ್ಟು ಹಿಂದೆ ಸರಿದು ನಿಂತಳು. ದಾನೇಶ್ವರಿ ಅದರ ಪುಟ್ಟ ಪರದೆಯ ಮೇಲಿನ ಬಿಸಿಲನ್ನು ಅಂಗೈಯಿಂದ ಮರೆಮಾಡಿ ನೋಡಿದಳು. ಅಕ್ಕನ ಮುಖ ನೋಡದೆ, ವೈದ್ಯೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಓದಿದಳು:

"ಆಮ್ಲಜನಕ, ಶೇಕಡಾ ಹತ್ತು ಪಾಯಿಂಟ್ ಎರಡು."